ಚೌಡಕ್ಕನ ಕಿವಿ

"ಕೋವಿ ನಳಿಗೇನ ಮರದಿಂದ ಬಿಚ್ಚಬೇಕು. ಒಳಗೆ ಬಿಸಿನೀರು ಹಾಕಿ ತೊಳೆದು, ಒರೆಸಿ, ತುದಿಗೆ ದಾರ ಕಟ್ಟಿ ತೂಗಾಕಬೇಕು. ನೆಲಕ್ಕೂ ತಾಗಬಾರ್ದು, ಗೋಡೆಗೂ ತಾಗಬಾರ್ದು. ಆಮೇಲೆ ಬೆರಳ ಗೆಣ್ಣಿಂದ ಒಂದೇ ಒಂದು ಸಾರಿ ತಟ್ಟಬೇಕು. ಜೋರಾಗಿ ಅಲ್ಲ, ಮಲಗಿರೋ ಕೂಸಿನ ಬೆನ್ನು ತಟ್ಟಿದಂಗೆ. ಸರಿ ಇರೋ ನಳಿಗೆ ಗುಡಿ ಗಂಟೆ ಇದ್ದಂಗೆ, ಕೈ ತೆಗೆದ ಮೇಲೂ ಬಾಳ ಹೊತ್ತು ಹಾಡ್ತಾನೇ ಇರ್ತೈತೆ. ಬೆಸುಗೆ ಬಿಟ್ಟಿದ್ರೆ ಜರ್ ಅಂತೈತೆ, ಹಳೇ ತಗಡಿನ ಡಬ್ಬಿ ಥರ. ಅದಕ್ಕೇನು, ಮತ್ತೆ ಬೆಸುಗೆ ಹಾಕಿದ್ರಾಯ್ತು. ಆದ್ರೆ ಬಿರಿದ ನಳಿಗೆ ಐತೆ ನೋಡ್ರಿ, ಅದು ಸುರು ಮಾಡಾಕೆ ಚೆನ್ನಾಗೇ ಮಾಡ್ತೈತೆ. ನಡುವೆ ಉಸಿರು ಸಿಕ್ಕಾಕ್ಕೊಂಡಂಗೆ ಒಂದ್ಕಡೆ ನಿಂತೋಗ್ತೈತೆ. ಆ ನಿಲ್ಲೋದನ್ನ ಕೇಳಾಕೆ ಕಿವಿ ಬೇಕು. ನಮ್ಮ ಮನೆಯವ್ರಿಗೆ ಕಣ್ಣಿತ್ತು, ಕೈಯಿತ್ತು, ಕಿವಿ ಇರಲಿಲ್ಲ. ಈಡು ಹೊಡೆದು ಹೊಡೆದು ಹೋಗಿತ್ತು. ಅದಕ್ಕೇ ನನ್ನ ಕಿವಿ ಇಸ್ಕೊಂಡ್ರು. ಹದಿನೇಳು ವರ್ಷ ನನ್ನ ಕಿವಿ ಒಂದು ಸುಳ್ಳು ಹೇಳ್ಲಿಲ್ಲ. ಕೈ ಒಂದು ಸಾರಿ ಹೇಳ್ತು."

ಹೀಗೆ ಹೇಳುತ್ತಿದ್ದ ಚೌಡಕ್ಕ ಜಗಳೂರು ಕಡೆಯ ಹೆಣ್ಣು. ಕುರಿ ಕಾಯುತ್ತಾ, ಎಲ್ಲಿ ಯಾವ ಕುರಿ ಕೆಮ್ಮಿತು ಅಂತ ಕಿವಿಯಲ್ಲೇ ಗುರುತು ಹಿಡಿಯುತ್ತಾ ಬೆಳೆದವಳು. ಅರವತ್ತಾರನೇ ಇಸವಿಯಲ್ಲಿ ಅವಳನ್ನು ನ್ಯಾಮತಿಯ ಕೋವಿ ರಿಪೇರಿ ಉಚ್ಚಂಗೆಪ್ಪನಿಗೆ ಕೊಟ್ಟರು. ಏನು ಮಾತಾಡಿಸಿದರೂ ಗಂಡ ಓಗೊಡುವುದಿಲ್ಲ ಅಂತ ಮೂರನೇ ದಿನವೇ ಗಂಟು ಕಟ್ಟಿಕೊಂಡು ಹೊರಟು ನಿಂತಿದ್ದಳು. ಅತ್ತೆ ಬಾಗಿಲಿಗೆ ಅಡ್ಡ ಬಂದು, "ಅವನಿಗೆ ಸೊಕ್ಕಲ್ಲ ಕಣವ್ವ, ಕಿವುಡು" ಅಂದಳು.

"ಮೊದ್ಲೇ ಹೇಳಬಾರ್ದಾ ಅತ್ತಿ. ಮೂರು ದಿನ ಸುಮ್ನೆ ಬಾಯಿ ನೋಯಿಸ್ಕೊಂಡೆ" ಅಂದವಳೇ ಗಂಟನ್ನು ಒಳಗಿಟ್ಟಳು.

ಮನೆಯ ಮುಂದಿನ ಇಳಿಮಾಡಿನ ಕೆಳಗೇ ಉಚ್ಚಂಗೆಪ್ಪನ ಕೆಲಸ. ಹೊನ್ನಾಳಿ, ಚನ್ನಗಿರಿ, ಅತ್ತ ಸಂತೇಬೆನ್ನೂರಿನ ತನಕ ಜನ ಹೊಲದಲ್ಲಿ ಹಂದಿ ಕಾಯುವ ಕೋವಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತರುತ್ತಿದ್ದರು. ಅಜ್ಜನ ಕಾಲದ ಕೋವಿಗಳೆಂದರೆ ಅವನಿಗೆ ಪ್ರಾಣ. ಗೆದ್ದಲು ತಿಂದ ಹಿಂಬದಿಯ ಮರವನ್ನು ಬಿಸಾಕಿ ಬೀಟೆ ಮರದಲ್ಲಿ ಹೊಸದು ಕೆತ್ತುವನು. ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆ ಪುಡಿಯಲ್ಲಿ ಉಜ್ಜುವನು. ಆಮೇಲೆ ಉಪ್ಪುನೀರು ಸವರಿ ತಾನೇ ಹೊಸ ತುಕ್ಕು ಹಿಡಿಸಿ, ಕುದಿಸಿ, ಮತ್ತೆ ಉಜ್ಜಿ, ಹೀಗೆ ಹತ್ತು ಸಾರಿ ಮಾಡಿದರೆ ನಳಿಗೆಗೆ ಹುಣಸೆಬೀಜದ ಬಣ್ಣ ಬರುತ್ತಿತ್ತು. ಮುಗಿದ ಕೋವಿಯನ್ನು ಸಂಜೆ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ತೆರೆಯುವುದು, ಮುಚ್ಚುವುದು. ಮುಚ್ಚಿಕೊಳ್ಳುವ ಸದ್ದು ಅವನಿಗೆ ಕೇಳುತ್ತಿರಲಿಲ್ಲ, ಅಂಗೈಗೆ ತಿಳಿಯುತ್ತಿತ್ತು. ಅಷ್ಟಕ್ಕೇ ನಗುವನು.

"ಇನ್ನೊಬ್ಬಳನ್ನ ಕಟ್ಕೊಂಡಂಗೆ ಐತೆ ನಿಮ್ಮದು" ಅಂತ ಚೌಡಕ್ಕ ಅವನು ಓದಿಕೊಳ್ಳುವಂತೆ ತುಟಿಯಲ್ಲೇ ಆಡುವಳು.

"ಇವಳು ಎದುರು ಮಾತಾಡಲ್ಲ" ಅಂತ ಅವನು.

ಅವನದೊಂದು ಪದ್ಧತಿ ಇತ್ತು. ರಿಪೇರಿಯಾದ ಕೋವಿಯ ಮೊದಲ ಈಡು ಅವನ ಭುಜದ ಮೇಲೆಯೇ ಆಗಬೇಕು. ಹಿತ್ತಲಿನ ಮಣ್ಣುದಿಬ್ಬಕ್ಕೆ ಹೊಡೆದು ತೋರಿಸಿ, "ನನ್ನ ಭುಜ ತಡೆದದ್ದು ನಿಮ್ಮ ಭುಜ ತಡೀತೈತೆ" ಅಂದು ಕೊಡುವನು. ಅದಕ್ಕೆ ಮುಂಚೆ ಚೌಡಕ್ಕ ನಳಿಗೆ ತಟ್ಟಿ ಕೇಳಬೇಕು. ಅಂಗೈ ಬಿಚ್ಚಿ ತೋರಿಸಿದರೆ ಸರಿ ಇದೆ ಅಂತ. ಮುಷ್ಟಿ ಕಟ್ಟಿದರೆ ಕೆಟ್ಟಿದೆ ಅಂತ. ಮುಷ್ಟಿ ಕಂಡ ಕೋವಿಯನ್ನು ಅವನು ಯಾವ ದೊರೆ ಹೇಳಿದರೂ ಹೊಡೆಯುತ್ತಿರಲಿಲ್ಲ. ಅಂಗೈ ಕಂಡ ಕೋವಿಗೆ ಕೆನ್ನೆ ಒತ್ತಿ ನಿಲ್ಲುವಾಗ ಹಿಂದೆ ಮುಂದೆ ನೋಡುತ್ತಿರಲಿಲ್ಲ.

ಚೌಡಕ್ಕನಿಗೆ ಒಬ್ಬನೇ ತಮ್ಮ, ದುರುಗಣ್ಣ. ಅವ್ವ ಸತ್ತಾಗ ಎರಡು ವರ್ಷದವನು, ಇವಳೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ದೊಡ್ಡವನಾದ ಮೇಲೆ ಅಕ್ಕನ ಮನೆಗೇ ಬಂದು ಸೇರಿಕೊಂಡ. ಬಾಯಿ ಜೋರು, ಗುರಿ ಅದಕ್ಕಿಂತ ಜೋರು. ಎಪ್ಪತ್ತೈದರ ಬೇಸಿಗೆಯಲ್ಲಿ ಉಬ್ರಾಣಿ ಗುಡ್ಡಕ್ಕೆ ಹಂದಿ ಬೇಟೆಗೆ ಹೊರಟಾಗ ಉಚ್ಚಂಗೆಪ್ಪ ತನ್ನದೇ ಕೋವಿ ಕೊಟ್ಟು ಕಳಿಸಿದ. ಬೇಟೆಯಲ್ಲಿ ಪಾಲಿನ ಕಟ್ಟಳೆ ಎಲ್ಲರಿಗೂ ಗೊತ್ತು. ಮೊದಲು ರಕ್ತ ಬರಿಸಿದವನಿಗೆ ತಲೆ ಮತ್ತು ಒಂದು ತೊಡೆ. ಆಮೇಲೆ ಆಳಿಗೊಂದು ಪಾಲು, ನಾಯಿಗೆ ಅರ್ಧ, ಕೋವಿಗೊಂದು. ಕೋವಿ ಪಾಲು ಅದನ್ನು ಕೊಟ್ಟವನ ಮನೆಗೆ ಹೋಗಬೇಕು.

ಆ ದಿನ ದುರುಗಣ್ಣನ ಈಡಿಗೆ ಹಂದಿ ಮುಗ್ಗರಿಸಿ ಬಿತ್ತು. ಬಿದ್ದು ಒದ್ದಾಡುವಾಗ ಹತ್ತಿರದ ಹಳ್ಳಿಯ ಸಾಹುಕಾರ ವಿರೂಪಾಕ್ಷಪ್ಪ ಬಂದು, ಕಿವಿಯ ಹತ್ತಿರ ತನ್ನ ಜೋಡಿ ನಳಿಗೆಯ ಕೋವಿ ಇಟ್ಟು ಎಡಗಡೆಯದನ್ನು ಹೊಡೆದ. ತಲೆ ತನ್ನದು ಅಂದ.

"ಬಿದ್ದ ಹಂದಿಗೆ ಎರಡು ನಳಿಗೆ ಯಾಕೆ ಸಾವ್ಕಾರ್ರೆ, ಒನಕೆ ಸಾಲ್ತಿತ್ತು" ಅಂದ ದುರುಗಣ್ಣ.

ಸುತ್ತ ನಿಂತ ಹನ್ನೆರಡು ಜನ ನಕ್ಕರು. ಆ ನಗು ಇನ್ನೂ ಮುಗಿದಿರಲಿಲ್ಲ, ವಿರೂಪಾಕ್ಷಪ್ಪ ಬಲಗಡೆ ನಳಿಗೆಯನ್ನು ದುರುಗಣ್ಣನ ಹೊಟ್ಟೆಗೆ ಹೊಡೆದ. ಹತ್ತು ಹೆಜ್ಜೆ ದೂರ ಅಷ್ಟೇ. ಹುಡುಗ ಕೂತ, ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡ, ಬೆರಳ ಸಂದಿಯಿಂದ ಬರುತ್ತಿರುವುದನ್ನು ನೋಡಿಕೊಂಡೇ ಹೋದ. ಹಂದಿಯೂ ಅವನೂ ಒಂದೇ ನೆರಳಲ್ಲಿ ಬಿದ್ದಿದ್ದರು.

ಹಂದಿ ಹೊತ್ತವರಲ್ಲಿ ಒಬ್ಬ ಬಸ್ಸು ಹಿಡಿದು ಮೊದಲು ನ್ಯಾಮತಿ ಮುಟ್ಟಿದ. ಚೌಡಕ್ಕನ ಕೈಗೆ ಮುತ್ತುಗದ ಎಲೆಯ ಪೊಟ್ಟಣ ಕೊಟ್ಟು, "ಕೋವಿ ಪಾಲು ಅಕ್ಕ" ಅಂದು ಮುಖ ನೋಡದೆ ಹೋದ. ಇವಳು ಮಾಂಸ ತೊಳೆದು, ಉಪ್ಪು ಖಾರ ಹಚ್ಚಿ ಒಲೆಗಿಟ್ಟಳು. ತಮ್ಮ ಹಸಿದು ಬರುತ್ತಾನೆ, ಅವನಿಗೆ ಖಾರ ಇಷ್ಟ ಅಂತ ಒಂದು ಹಿಡಿ ಜಾಸ್ತಿಯೇ ಖಾರ ಹಾಕಿದಳು. ಅದು ಕುದಿಯುತ್ತಿರುವಾಗ ಬಾಗಿಲಲ್ಲಿ ಗಾಡಿ ನಿಂತಿತು. ಗಾಡಿಯಲ್ಲಿ ದುರುಗಣ್ಣ ಕಂಬಳಿ ಹೊದ್ದು ಮಲಗಿದ್ದ, ಮುಖದ ಮೇಲೂ ಕಂಬಳಿ ಇತ್ತು.

ಪೊದೆಗೆ ಸಿಕ್ಕಿ ಕೋವಿ ತಾನಾಗಿ ಹಾರಿತು ಅಂತ ಹನ್ನೆರಡು ಜನವೂ ಒಂದೇ ಮಾತು ಹೇಳಿದರು. ವಿರೂಪಾಕ್ಷಪ್ಪನ ಕೋವಿ ಎರಡು ವರ್ಷ ಠಾಣೆಯಲ್ಲಿತ್ತು. ಆಮೇಲೆ ವಾಪಸ್ಸಾಗಿ ಅವನ ಪಡಸಾಲೆಯ ಗೂಟಕ್ಕೆ ಬಂತು. ಚೌಡಕ್ಕ ಆ ದಿನದ ಮಾಂಸದ ಗಡಿಗೆಯನ್ನು ತಿಪ್ಪೆಗೆ ಕವುಚಿದವಳು ಮತ್ತೆ ಮನೆಯಲ್ಲಿ ಬೇಟೆ ಮಾಂಸ ಬೇಯಿಸಲಿಲ್ಲ.

ಎಂಟು ವರ್ಷ ಆಯಿತು. ಎಂಬತ್ತಮೂರರಲ್ಲಿ ಒಂದು ಮಧ್ಯಾಹ್ನ ಜೀಪು ಬಂದು ನಿಂತಿತು. ಇಳಿದವನು ವಿರೂಪಾಕ್ಷಪ್ಪ. ಹಿಂದೆ ಡ್ರೈವರ್ ನಾಗರಾಜಪ್ಪ ಗೋಣಿ ಸುತ್ತಿದ ಕೋವಿ ಹಿಡಿದಿದ್ದ.

"ಉಚ್ಚಂಗೆಪ್ಪ, ಹಳೇದು ಹಳೇದಾಯ್ತು. ಮೆಕ್ಕೆಜೋಳಕ್ಕೆ ಹಂದಿ ಕಾಟ. ಈ ಸೀಮೇಲಿ ನಿನ್ನ ಬಿಟ್ರೆ ಇದನ್ನ ಮುಟ್ಟೋರಿಲ್ಲ" ಅಂತ ಕಿರುಚಿ ಹೇಳಿದ.

ಉಚ್ಚಂಗೆಪ್ಪ ಗೋಣಿ ಬಿಚ್ಚಿ ನೋಡಿದ. ಅದೇ ಜೋಡಿ ನಳಿಗೆಯ ಕೋವಿ. ಕಬ್ಬಿಣದ ಪಟ್ಟಿಗಳನ್ನು ಜಡೆಯಂತೆ ಹೆಣೆದು, ಕಾಸಿ, ಸುತ್ತಿ ಮಾಡಿದ ಹಳೇ ಕಾಲದ ನಳಿಗೆ. ತುಕ್ಕಿನ ಕೆಳಗೆ ಹಾವಿನ ಮೈಯಂಥ ಗೆರೆ ಇನ್ನೂ ಕಾಣುತ್ತಿತ್ತು. ಅಂಥದ್ದು ಅವನ ಕೈಗೆ ಜನ್ಮಕ್ಕೊಂದೇ ಬಂದದ್ದು. ಆದರೂ ಕೈ ಹಿಂದೆ ತೆಗೆದು ಹೆಂಡತಿಯ ಮುಖ ನೋಡಿದ.

"ಇಸ್ಕೊಳ್ರಿ" ಅಂದಳು ಚೌಡಕ್ಕ.

ಕ್ಷಮಿಸಿಬಿಟ್ಟಳು ಅಂತ ಅವನು ತಿಳಿದ. ಅವಳಿಗೆ ಆಗ ತಾನು ಯಾಕೆ ಹಾಗಂದೆ ಅಂತ ತಿಳಿದಿರಲಿಲ್ಲ. ಆ ಕೋವಿ ಒಂದು ಸಾರಿ ತನ್ನ ಕೈಗೆ ಬರಲಿ, ಅಷ್ಟೇ ಇದ್ದದ್ದು.

ನಲವತ್ತು ದಿನ ಉಚ್ಚಂಗೆಪ್ಪ ಅದರ ಮುಂದೆ ಕೂತ. ಮೊದಲ ದಿನ ನಳಿಗೆಗೆ ಬಿಸಿನೀರು ಹುಯ್ದಾಗ ಕರ್ರಗಿನ ನೀರು ಹೊರಗೆ ಬಂತು. ಈಡು ಹೊಡೆದ ಕೋವಿಯನ್ನು ಅವತ್ತೇ ತೊಳೆಯಬೇಕು, ಇಲ್ಲದಿದ್ದರೆ ಸುಟ್ಟ ಮದ್ದು ಒಳಗೇ ಕೂತು ಕಬ್ಬಿಣ ತಿನ್ನುತ್ತದೆ. ಇದನ್ನು ಯಾರೂ ತೊಳೆದಿರಲಿಲ್ಲ. ಎಂಟು ವರ್ಷದ ಹಿಂದಿನ ಮದ್ದು. ಚೌಡಕ್ಕ ಆ ನೀರನ್ನು ಮೋರಿಗೆ ಚೆಲ್ಲದೆ ಹಿತ್ತಲಿಗೆ ಒಯ್ದು ಒಂದು ಮೂಲೆಯಲ್ಲಿ ಹುಯ್ದು ಬಂದಳು.

ಕಡೆಯ ದಿನ ನಳಿಗೆ ತೂಗುಹಾಕಿದ. ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ತಟ್ಟಿದಳು. ಗಂಟೆಯಂತೆ ಎದ್ದ ಸದ್ದು ನಡುವೆ ಒಂದು ಕಡೆ ಉಸಿರು ಕಟ್ಟಿ ನಿಂತಿತು. ಇನ್ನೊಮ್ಮೆ ತಟ್ಟಿದಳು. ಅಲ್ಲೇ ನಿಂತಿತು. ಬಲಗಡೆ ನಳಿಗೆ, ಎಡಗೈ ಹಿಡಿಯುವ ಜಾಗ. ದುರುಗಣ್ಣನನ್ನು ತಿಂದ ನಳಿಗೆ ಒಳಗೊಳಗೇ ಬಿರಿದಿತ್ತು, ಗಂಡ ಗೊತ್ತಿಲ್ಲದೆಯೇ ಮೇಲೆಲ್ಲ ಚೆಂದ ಮಾಡಿ ಬಿರುಕನ್ನು ಮುಚ್ಚಿದ್ದ.

ಅವಳು ಅಂಗೈ ಬಿಚ್ಚಿ ತೋರಿಸಿದಳು.

ಒಂದು ಲೆಕ್ಕದ ಮೇಲೆಯೇ ಬಿಚ್ಚಿದ್ದಳು. ಆ ವರ್ಷ ಕರಿಮದ್ದು ಸಿಗುವುದು ಕಷ್ಟವಾಗಿತ್ತು. ಹಳೇ ನಳಿಗೆಗೆ ಅಂಗಡಿಯ ಹೊಸ ತೋಟೆ ಹಾಕುವಂತಿಲ್ಲ, ಒಡೆಯುತ್ತದೆ. ಹಾಗಾಗಿ ಮೂರು ತಿಂಗಳಿಂದ ಉಚ್ಚಂಗೆಪ್ಪ ಈಡು ಹೊಡೆಯದೆಯೇ ಕೋವಿ ಕೊಡುತ್ತಿದ್ದ. "ನಮ್ಮಾಕೆ ಕೇಳ್ಯಾಳೆ, ಸಾಕು" ಅಂದರೆ ಜನ ನಂಬಿ ಒಯ್ಯುತ್ತಿದ್ದರು. ಮೊದಲ ಈಡು ಸಾಹುಕಾರನದೇ ಆಗುತ್ತದೆ, ಅವನ ಹೊಲದಲ್ಲಿ, ನಮ್ಮಿಂದ ಹತ್ತು ಹರದಾರಿ ಆಚೆ ಅಂತ ಅವಳು ಎಣಿಸಿದ್ದಳು.

ಮಾರನೇ ದಿನ ಬೆಳಿಗ್ಗೆ ಜೀಪು ಬಂದಾಗ ಚೌಡಕ್ಕ ಒಳಗೆ ಜೋಳದ ರೊಟ್ಟಿ ತಟ್ಟುತ್ತಿದ್ದಳು. ವಿರೂಪಾಕ್ಷಪ್ಪನ ದನಿ ಹಿತ್ತಲ ಕಡೆಯಿಂದ ಬಂತು.

"ಕರಿಮದ್ದಿನ ತೋಟೆ ನಾನೇ ತುಂಬಿಸ್ಕೊಂಡು ಬಂದೀನಿ. ಮೊದಲ ಈಡು ನಿನ್ನ ಭುಜದ ಮೇಲೆ ಅಂತಾರಲ್ಲ ಮಾರಾಯ, ಪದ್ಧತಿ ಬಿಡಬ್ಯಾಡ. ಹೊಡಿ ನೋಡಾಣ."

"ನಮ್ಮಾಕೆ ಕೇಳ್ಯಾಳೆ, ಗಂಟೆ ಇದ್ದಂಗೈತೆ. ಕೊಡ್ರಿ ಇತ್ಲಾಗೆ" ಅಂತ ಗಂಡನ ದನಿ. ಸಂತೋಷದ ದನಿ.

ಚೌಡಕ್ಕ ಹಿಟ್ಟು ಕಲಸುವ ಕೊಣಮಿಗೆಯನ್ನು ಒದ್ದುಕೊಂಡೇ ಎದ್ದಳು. ಹಿಟ್ಟು ನೆಲದ ತುಂಬ ಚೆಲ್ಲಿತು. ಹಿತ್ತಲ ಬಾಗಿಲಿಗೆ ಬರುವಾಗ ಗಂಡ ಅವಳಿಗೆ ಬೆನ್ನು ಮಾಡಿ ನಿಂತಿದ್ದ, ಕೆನ್ನೆ ಮರಕ್ಕೆ ಒತ್ತಿತ್ತು, ತೋಟೆಗೆ ಬಡಿಯುವ ಬಲಗಡೆಯ ಕುದುರೆಯನ್ನು ಹಿಂದಕ್ಕೆ ಎಳೆದಾಗಿತ್ತು. ಕೂಗಿ ಪ್ರಯೋಜನವಿಲ್ಲ. ಇಪ್ಪತ್ತು ಹೆಜ್ಜೆ. ಓಡಿ ಹೋಗಿ ಮುಂದೆ ನುಗ್ಗಿ, ಹಿಟ್ಟಿನ ಕೈಯಲ್ಲೇ ನಳಿಗೆ ಹಿಡಿದು ಆಕಾಶಕ್ಕೆ ಎತ್ತಿದಳು. ಇನ್ನೊಂದು ಕೈ ಮುಷ್ಟಿ ಕಟ್ಟಿ ಗಂಡನ ಮೂಗಿನ ಮುಂದೆ ಹಿಡಿದಳು.

ಉಚ್ಚಂಗೆಪ್ಪ ಮುಷ್ಟಿ ನೋಡಿದ, ಅವಳ ಮುಖ ನೋಡಿದ, ಕೋವಿ ಇಳಿಸಿದ.

"ಬಲಗಡೆ ನಳಿಗೆ ಬಿರಿದೈತೆ ಸಾವ್ಕಾರ್ರೆ. ಯಾರೂ ಹೊಡೀಬ್ಯಾಡ್ರಿ" ಅಂದಳು ಚೌಡಕ್ಕ.

ವಿರೂಪಾಕ್ಷಪ್ಪ ನಕ್ಕ. "ನಿನ್ನೆ ಗಂಟೆ ಆಗಿದ್ದು ಇವತ್ತು ಬಿರೀತೇನವ್ವ? ನಿನ್ನ ಆಟ ತಿಳಿದೈತೆ. ತಮ್ಮನ್ನ ಹೊಡೆದ ಕೋವಿ ಮತ್ತೆ ಈಡು ಹಾರಿಸಬಾರ್ದು, ಅಲ್ಲೇನು?"

ಎಂಟು ವರ್ಷದಲ್ಲಿ ಮೊದಲ ಸಲ ಅವನ ಬಾಯಿಂದ ಆ ಮಾತು ಬಂತು. ಹೊಡೆದ ಅಂದ, ಹಾರಿತು ಅನ್ನಲಿಲ್ಲ. ಜೀಪಿನ ಹತ್ತಿರ ನಿಂತಿದ್ದ ನಾಗರಾಜಪ್ಪ ತಲೆ ತಗ್ಗಿಸಿದ. ಅವನೂ ಆ ಹನ್ನೆರಡು ಜನರಲ್ಲಿ ಒಬ್ಬ.

"ಅದಕ್ಕಲ್ಲ. ನಿಜವಾಗ್ಲೂ ಬಿರಿದೈತೆ. ನಿನ್ನೆ ಸುಳ್ಳು ಹೇಳಿದ್ದೆ, ಇವತ್ತು ಹೇಳ್ತಿಲ್ಲ. ಹೊಡೀಬ್ಯಾಡ್ರಿ."

"ಕುರಿ ಕಾಯೋಳ ಕಿವಿ ನಂಬ್ಕೊಂಡು ನಾನು ಕೋವಿ ಹಿಡೀಬೇಕಾ?" ಅಂದವನೇ ಉಚ್ಚಂಗೆಪ್ಪನ ಕೈಯಿಂದ ಕಿತ್ತುಕೊಂಡ.

"ಬ್ಯಾಡ್ರಿ" ಅಂದಳು ಮೂರನೇ ಸಲ.

ಅವನು ದಿಬ್ಬಕ್ಕೆ ತಿರುಗಿ ಹೊಡೆದ. ಈಡಿನ ಸದ್ದು ಆಗಲಿಲ್ಲ, ಬಂಡೆ ಸೀಳಿದ ಸದ್ದಾಯಿತು. ಹೊಗೆ ಸರಿದಾಗ ಅವನ ಎಡಗೈಯಲ್ಲಿ ಹೆಬ್ಬೆರಳು ಬಿಟ್ಟರೆ ಬೇರೇನೂ ಇರಲಿಲ್ಲ. ಕಬ್ಬಿಣದ ಸಿಬಿರು ಕುತ್ತಿಗೆಯಲ್ಲಿ ನಿಂತಿತ್ತು. ಅವನೂ ಕೂತ, ದುರುಗಣ್ಣ ಕೂತಂತೆಯೇ, ಇಲ್ಲದ ಕೈಯನ್ನು ನೋಡಿಕೊಂಡು. ಚೌಡಕ್ಕ ಸೆರಗು ಹರಿದು ತೋಳಿಗೆ ಬಿಗಿದಳು, ಕುತ್ತಿಗೆಯನ್ನು ಅಂಗೈಯಿಂದ ಒತ್ತಿ ಹಿಡಿದಳು. ಹಿಟ್ಟೂ ರಕ್ತವೂ ಕಲಸಿ ಮೊಣಕೈ ತನಕ ಅಂಟಿತು. ಜೀಪಿನಲ್ಲೂ ಒತ್ತಿಕೊಂಡೇ ಕೂತಿದ್ದಳು. ಹೊನ್ನಾಳಿ ಆಸ್ಪತ್ರೆ ಎರಡು ಮೈಲಿ ಇರುವಾಗ ಅಂಗೈ ಕೆಳಗಿನ ಬಡಿತ ನಡುವೆ ಒಂದು ಕಡೆ ನಿಂತಿತು. ಅದನ್ನು ಕೇಳಲು ಅವಳಿಗೆ ಕಿವಿ ಬೇಕಾಗಲಿಲ್ಲ.

ಪೊಲೀಸರ ಮುಂದೆ ನಾಗರಾಜಪ್ಪ, "ಆಯಮ್ಮ ಮೂರು ಸಾರಿ ಬ್ಯಾಡ ಅಂದ್ಲು" ಅಂತ ಹೇಳಿದ. ಆಮೇಲೆ ಯಾರೂ ಕೇಳದಿದ್ದರೂ, ಎಪ್ಪತ್ತೈದರಲ್ಲಿ ಉಬ್ರಾಣಿ ಗುಡ್ಡದಲ್ಲಿ ಯಾವ ಪೊದೆಯೂ ಇರಲಿಲ್ಲ ಅಂತಲೂ ಹೇಳಿದ.

ಮನೆಗೆ ಬಂದ ಮೇಲೆ ಉಚ್ಚಂಗೆಪ್ಪ ಒಂದನ್ನೇ ಕೇಳಿದ. "ನಿನ್ನೆ ನಿಂಗೆ ಗೊತ್ತಿತ್ತಾ?"

ಚೌಡಕ್ಕ ಹೌದೆಂದು ತಲೆಯಾಡಿಸಿದಳು. ಅವನು ಎದ್ದು ಹೊರಗೆ ಹೋದ. ಬೈದಿದ್ದರೆ, ಹೊಡೆದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಒಂದು ತಿಂಗಳು ಇಳಿಮಾಡು ಖಾಲಿ ಇತ್ತು. ಬಂದ ಕೋವಿಗಳನ್ನು ಅವನು ಮುಟ್ಟಲಿಲ್ಲ, ಅವಳ ಕೈಯನ್ನೂ ನೋಡಲಿಲ್ಲ. ಹದಿನೇಳು ವರ್ಷ ತನ್ನ ಅಂಗೈ ನೋಡಿ ಕೆನ್ನೆ ಒತ್ತಿದ ಗಂಡ ಇನ್ನು ಮುಂದೆ ಒತ್ತುತ್ತಾನೋ ಇಲ್ಲವೋ ಅನ್ನುವುದೇ ಅವಳಿಗೆ ಹಗಲೂ ರಾತ್ರಿ ಉಳಿದ ಮಾತು. ಸಾಹುಕಾರ ಸತ್ತದ್ದು ಕೂಡ ಅದರ ಹಿಂದೆ ಸರಿದು ಹೋಯಿತು.

ಒಂದು ಬೆಳಿಗ್ಗೆ ಅವನು ಚನ್ನಗಿರಿಯಿಂದ ಬಂದಿದ್ದ ಒಂಟಿ ನಳಿಗೆಯೊಂದನ್ನು ತೊಳೆದು ಒರೆಸಿ, ದಾರ ಕಟ್ಟಿ ತೂಗುಹಾಕಿ, ಅಡಿಗೆಮನೆ ಬಾಗಿಲಲ್ಲಿ ನಿಂತ. ಚೌಡಕ್ಕ ರೊಟ್ಟಿ ತಟ್ಟುವುದನ್ನು ಬಿಟ್ಟು ಕೈ ಒರೆಸಿಕೊಂಡು ಹೋದಳು. ತಟ್ಟಿದಳು. ಅದು ಹಾಡಿತು, ಹಾಡುತ್ತಲೇ ಹೋಯಿತು. ಪೂರಾ ನಿಲ್ಲುವ ತನಕ ಕಾದಳು. ಮತ್ತೆ ತಟ್ಟಿ ಮತ್ತೆ ಕಾದಳು. ಆಮೇಲೆ ಅಂಗೈ ಬಿಚ್ಚಿದಳು.

ಉಚ್ಚಂಗೆಪ್ಪ ಆ ಅಂಗೈಯನ್ನು ಬಹಳ ಹೊತ್ತು ನೋಡಿದ. ನಳಿಗೆಯನ್ನು ಮರಕ್ಕೆ ಸೇರಿಸಿದ, ಎಲ್ಲಿಂದಲೋ ಹುಡುಕಿ ಇಟ್ಟಿದ್ದ ಮದ್ದು ತುಂಬಿದ, ದಿಬ್ಬದ ಮುಂದೆ ಹೋಗಿ ನಿಂತ. ಹಿಂದಕ್ಕೆ ತಿರುಗಿ ನೋಡಲಿಲ್ಲ. ಕೆನ್ನೆಯನ್ನು ಮರಕ್ಕೆ ಒತ್ತಿದ.

ಈಡು ಹಾರಿತು. ದಿಬ್ಬದಿಂದ ಮಣ್ಣು ಎದ್ದು ಬಿತ್ತು. ಅವನು ಭುಜ ಉಜ್ಜಿಕೊಳ್ಳುತ್ತಾ ನಿಂತಿದ್ದ.

ಚೌಡಕ್ಕ ಒಳಗೆ ಬಂದಳು. ಹೆಂಚು ಕಾದು ಹೊಗೆಯಾಡುತ್ತಿತ್ತು. ಕೊಣಮಿಗೆಯಿಂದ ಒಂದು ಉಂಡೆ ತೆಗೆದು ತಟ್ಟಿ ಅಗಲ ಮಾಡಿ ಹೆಂಚಿಗೆ ಹಾಕಿದಳು. ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈ ಒರೆಸಿ, ತಿರುವಿ ಹಾಕಲು ಕಾದು ಕೂತಳು.