ನಾರ್ಮಲ್ ಟ್ಯೂಬು

ಲಷ್ಕರ್ ಮೊಹಲ್ಲಾದ ಪುಟ್ಟ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ಜನರ ರಕ್ತ ತೆಗೆಯುತ್ತಿದ್ದೇನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರಿಗೆಲ್ಲ ಮೊದಲ ಪ್ರಶ್ನೆ ಒಂದೇ: "ರಾತ್ರಿ ಊಟ ಎಷ್ಟೊತ್ತಿಗೆ ಮಾಡಿದ್ರಿ?" ಕೆಲವರು ಗಂಟೆ ಹೇಳಿ ಸುಮ್ಮನಾಗುವುದಿಲ್ಲ. ಸೊಸೆ ಮಾಡಿದ ಪಲ್ಯ, ಮೊಮ್ಮಗಳ ಹಟ, ಎಲ್ಲ ಬರುತ್ತದೆ. "ಗಂಟೆ ಸಾಕು" ಎಂದು ರೇಗಿಬಿಡುತ್ತಿದ್ದೆ. ನನ್ನದು ಮೊದಲಿಂದಲೂ ಮೂಗಿನ ತುದಿಯ ಕೋಪ.

ನಮ್ಮಲ್ಲೊಂದು ಪದ್ಧತಿ ಇತ್ತು. ಯಾವುದಾದರೂ ಪರೀಕ್ಷೆಯ ಹೊಸ ಕಿಟ್ ಬಂದಾಗ ಅದು ಸರಿಯಿದೆಯೇ ಎಂದು ನೋಡಲು ಆರೋಗ್ಯವಂತರೊಬ್ಬರ ರಕ್ತ ಬೇಕು. ಅದು ಯಾವಾಗಲೂ ನನ್ನದೇ. ಶುಗರ್ ಇಲ್ಲ, ಬಿಪಿ ಇಲ್ಲ, ಕಾಫಿ ಬಿಟ್ಟು ಬೇರೇನೂ ಕುಡಿದವಳಲ್ಲ. ಆ ಟ್ಯೂಬಿಗೆ ನನ್ನ ಹೆಸರು ಹಾಕುತ್ತಿರಲಿಲ್ಲ, 'ನಾರ್ಮಲ್' ಎಂದು ಬರೆಯುತ್ತಿದ್ದರು. ನನಗೆ ಅದರ ಜಂಬ ಬೇರೆ.

ಹೋದ ವರ್ಷ ಸಿಆರ್‌ಪಿ ಪರೀಕ್ಷೆಯ ಹೊಸ ಕಿಟ್ ಬಂತು. ಸಿಆರ್‌ಪಿ ಎಂದರೆ ಲಿವರ್ ತಯಾರಿಸುವ ಒಂದು ಪ್ರೋಟೀನು. ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ರಕ್ತದಲ್ಲಿ ಹೆಚ್ಚುತ್ತದೆ. ಎಲ್ಲಿ ಎಂದು ಮಾತ್ರ ಅದು ಹೇಳುವುದಿಲ್ಲ. ನನ್ನ ಟ್ಯೂಬಿನಲ್ಲಿ ಅದು ಹೆಚ್ಚಿತ್ತು.

"ಕಿಟ್ಟೇ ಕೆಟ್ಟೋಗದೆ ಕಣಮ್ಮ, ಬಿಸಿಲಲ್ಲಿ ಇಟ್ಬುಟ್ಟಿರ್ತಾರೆ," ಎಂದರು ನಮ್ಮ ಹಿರಿಯ ಟೆಕ್ನಿಷಿಯನ್. ಫೋನಿನಲ್ಲಿ ಡೀಲರಿಗೆ ಚೆನ್ನಾಗಿ ಬೈದು ಕಿಟ್ ವಾಪಸ್ ಕಳಿಸಿದರು. ಎರಡನೆಯದು ಬಂತು. ಅದೂ ಹಾಗೇ. ಅದಕ್ಕೂ ಬೈಗುಳ. ನಾನು ಪಕ್ಕದಲ್ಲೇ ನಿಂತಿದ್ದೆ. ಕಿಟ್ ಸರಿಯಾಗಿದೆ ಎಂದು ನನಗೆ ಆಗಲೇ ಅನ್ನಿಸಿತ್ತು, ಬಾಯಿ ಬಿಡಲಿಲ್ಲ. ಹೆದರಿಕೆಯಾಗಿತ್ತು. ನಾರ್ಮಲ್ ಅಲ್ಲ ಎಂದಾದರೆ ಆ ಲ್ಯಾಬಿನಲ್ಲಿ ನಾನು ಯಾರು?

ಕೊನೆಗೆ ಅವರು ತಮ್ಮ ರಕ್ತವನ್ನೇ ಹಾಕಿ ನೋಡಿದರು. ಅವರದು ಸರಿಯಾಗಿತ್ತು.

ಉಳಿದ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಗಿ, ಲಿವರಿನಲ್ಲಿ ಕೊಬ್ಬು ತುಂಬಿ ಅಲ್ಲೇ ಉರಿಯೂತ ಶುರುವಾಗಿದೆ ಎಂದು ತಿಳಿಯಿತು. ಗೋಕುಲಂನ ಡಾಕ್ಟರಮ್ಮ ವರದಿ ನೋಡಿ ಹೇಳಿದರು, "ಕುಡೀದೇ ಇರೋರ್ಗೂ ಬರುತ್ತೆ ಕಣಮ್ಮ. ಈಗ್ಲೇ ತೂಕ ಇಳಿಸಿದ್ರೆ ವಾಸಿಯಾಗುತ್ತೆ, ಬಿಟ್ರೆ ಲಿವರ್ ಗಟ್ಟಿಯಾಗ್ತಾ ಹೋಗುತ್ತೆ. ರಾತ್ರಿ ಊಟಕ್ಕೇನು?"

"ಬನ್ನು, ಇಲ್ಲಾಂದ್ರೆ ಮಿಕ್ಸ್ಚರ್ರು."

"ಯಾಕೆ, ಮನೇಲಿ ಯಾರ್ಯಾರಿದೀರಿ?"

ನಾನೊಬ್ಬಳೇ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಆದರೂ ಬಾಯಿಗೆ ಬರಲಿಲ್ಲ. ಅಮ್ಮ ಹೋದಮೇಲೆ ಕುಂಬಾರಕೊಪ್ಪಲಿನ ಆ ಬಾಡಿಗೆ ಮನೆಯಲ್ಲಿ ಸಂಜೆ ಒಲೆ ಹಚ್ಚಿರಲಿಲ್ಲ. ಒಬ್ಬಳಿಗಾಗಿ ಕುಕ್ಕರ್ ಕೂಗಿಸಲು ನನಗೆ ನಾಚಿಕೆಯಾಗುತ್ತಿತ್ತು.

ಆ ಸಂಜೆಯೇ ನಾಚಿಕೆ ಬಿಟ್ಟು ಅಡುಗೆ ಶುರುಮಾಡಿದೆ. ಅಂದಿನಿಂದ ಕೆಲಸ ಮುಗಿಸಿ ನಡೆದೇ ಮನೆಗೆ ಹೋಗತೊಡಗಿದೆ. ಮೊದಲ ವಾರ ಮುದ್ದೆ ಗಂಟುಗಂಟಾಯಿತು. ಚೆನ್ನಾಗಿ ಬಂದ ದಿನ ಯಾರಿಗಾದರೂ ಹೇಳಬೇಕೆನಿಸಿ, ಹೇಳಲು ಯಾರೂ ಇಲ್ಲದೆ, ತಟ್ಟೆ ತೊಳೆದಿಟ್ಟೆ.

ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಬೆಳಿಗ್ಗೆ ಪೇಷಂಟುಗಳ ಕುರ್ಚಿಯಲ್ಲಿ ಕೂತು ತೋಳು ಚಾಚಿದೆ. ಹಿರಿಯ ಟೆಕ್ನಿಷಿಯನ್ ರಕ್ತ ತೆಗೆದು, ಕೈಯ ಅಭ್ಯಾಸಕ್ಕೆ ಲೇಬಲ್ಲಿನ ಮೇಲೆ 'ನಾ' ಎಂದು ಬರೆದು ನಿಲ್ಲಿಸಿದರು. ನಾನು ಪೆನ್ನು ಇಸಿದುಕೊಂಡು, ಅದನ್ನು ಹೊಡೆದುಹಾಕಿ, ನನ್ನ ಹೆಸರು, ವಯಸ್ಸು ಬರೆದು ಪೆನ್ನು ವಾಪಸ್ ಕೊಟ್ಟೆ.

ಅವರು ಫಾರಂ ಎಳೆದುಕೊಂಡು, ಎಲ್ಲರನ್ನೂ ಕೇಳುವ ಹಾಗೇ ಕೇಳಿದರು, "ರಾತ್ರಿ ಊಟ ಎಷ್ಟೊತ್ತಿಗೆ ಮಾಡ್ದೆ?"

ಹನ್ನೊಂದು ವರ್ಷದಲ್ಲಿ ಅಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ.

"ಎಂಟು ಗಂಟೆಗೆ ಸಾರ್. ಮುದ್ದೆ ಮಾಡಿದ್ದೆ, ಸೊಪ್ಪಿನ ಸಾರು. ಈಗೀಗ ಗಂಟಾಗಲ್ಲ. ಒಬ್ಳೇ ಉಂಡೆ," ಎಂದೆ.

ಅವರು ಗಂಟೆ ಸಾಕು ಎನ್ನಲಿಲ್ಲ. ಪೆನ್ನು ಕೆಳಗಿಟ್ಟು, "ಯಾವ ಸೊಪ್ಪು?" ಎಂದು ಕೇಳಿದರು.