ಕಸ್ತೂರಿಯ ಮುಂದಿನ ಎರಡು ಹಲ್ಲು

2022ರಲ್ಲಿ ನಾನು ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದ ಒಂದು ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ದಂತವೈದ್ಯೆಯಾಗಿದ್ದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದ ಮೇಲೆ, ಮನೆಯಲ್ಲಿ ಕೈಕಟ್ಟಿ ಕೂರಲಾಗದೆ ಒಪ್ಪಿಕೊಂಡ ಕೆಲಸ ಅದು. ಒಂದು ಕುರ್ಚಿ, ಒಂದು ಎಕ್ಸ್‌ರೇ ಯಂತ್ರ, ಸಹಾಯಕ್ಕೆ ಜಯಮ್ಮ. ಕಾರ್ಖಾನೆಗಳಿಗೆ ಭಾನುವಾರ ರಜೆಯಾದ್ದರಿಂದ ನಮಗೆ ಅಂದೇ ನೂಕುನುಗ್ಗಲು. ಅಲ್ಲಿ ನನಗೆ ‘ಬೈಯೋ ಡಾಕ್ಟ್ರಮ್ಮ’ ಎಂಬ ಹೆಸರಿತ್ತು. ಸುಳ್ಳೇನಲ್ಲ. ಗುಟ್ಕಾ ತುಂಬಿದ ಬಾಯನ್ನೇ ತೆರೆದು ‘ಏನೂ ಹಾಕಲ್ಲ ಮೇಡಂ’ ಎನ್ನುವವರನ್ನು ಬೈಯದೆ ಆರತಿ ಎತ್ತಲೇ?

ಅಂಥದೊಂದು ಭಾನುವಾರ ಇಬ್ಬರು ಹುಡುಗಿಯರು ಬಂದರು. ರೋಗಿ ಕಸ್ತೂರಿ, ವಯಸ್ಸು ಇಪ್ಪತ್ತೆರಡು, ಕುಷ್ಟಗಿ ಕಡೆಯವಳು. ಜೊತೆಗೆ ಬಂದವಳು ಶಿವಲೀಲಾ. ಇಬ್ಬರಿಗೂ ಒಂದೇ ಬಾಡಿಗೆ ರೂಮು, ಒಂದೇ ಕಾರ್ಖಾನೆ. ಕಸ್ತೂರಿ ಕುರ್ಚಿಯಲ್ಲಿ ಕೂತವಳೇ, ನಾನು ಕೇಳುವ ಮೊದಲೇ ತೀರ್ಮಾನ ಹೇಳಿದಳು.

“ಮೇಡಂ, ಮುಂದಿನವು ಎರಡೂ ತಗದಬಿಡ್ರಿ. ಹೊಸಾವು ಕಟ್ಟಾಕ ಎಷ್ಟಾಕ್ಕತಿ, ಅದನ್ನಷ್ಟ ಹೇಳ್ರಿ.”

“ತೆಗಿಯೋದೋ ಬಿಡೋದೋ ನಾನು ಹೇಳ್ತೀನಿ. ಮೊದಲು ಬಾಯಿ ತೆಗಿಯಮ್ಮ,” ಎಂದೆ.

ಮೇಲ್ದವಡೆಯ ನಟ್ಟನಡುವಿನ ಎರಡು ಹಲ್ಲು ಅಕ್ಕಪಕ್ಕದವಕ್ಕಿಂತ ಕೆಳಗೆ ಇಳಿದು ಉದ್ದವಾಗಿ ಕಾಣುತ್ತಿದ್ದವು. ಒಸಡು ಕೆಂಪಾಗಿ ಊದಿತ್ತು. ಬೆರಳಲ್ಲಿ ಒತ್ತಿದರೆ ಕೀವು. ಸಣ್ಣ ಕನ್ನಡಿಯ ಹಿಡಿಯಿಂದ ಮುಟ್ಟಿದರೆ ಹಿಂದೆ ಮುಂದೆ ಮಾತ್ರವಲ್ಲ, ಮೇಲೆ ಕೆಳಗೂ ಅಲ್ಲಾಡಿದವು. ನಮ್ಮ ಭಾಷೆಯಲ್ಲಿ ಇದು ಗ್ರೇಡ್ ತ್ರೀ ಮೊಬಿಲಿಟಿ, ಅಂದರೆ ಹಲ್ಲಿನ ಬುಡ ಪೂರಾ ಸಡಿಲ. ಇಷ್ಟಾದ ಹಲ್ಲನ್ನು ಸಾಮಾನ್ಯವಾಗಿ ಕೀಳುತ್ತೇವೆ. ಆಗಲೇ ಎರಡು ಕಡೆ ಹಾಗೇ ಹೇಳಿ ಕಳಿಸಿದ್ದರಂತೆ.

ಆದರೆ ನನಗೆ ಲೆಕ್ಕ ತಾಳೆಯಾಗಲಿಲ್ಲ. ಉಳಿದ ಹಲ್ಲುಗಳು ಜೋಳದ ತೆನೆಯಂತೆ ಒಪ್ಪವಾಗಿದ್ದವು. ಹರೆಯದಲ್ಲೇ ಬರುವ ಒಂದು ಒಸಡಿನ ರೋಗವಿದೆ. ಅದು ಮುಂದಿನ ಹಲ್ಲಿನ ಜೊತೆಗೆ ದವಡೆಯ ಹಲ್ಲನ್ನೂ ಹಿಡಿಯುತ್ತದೆ. ಇವಳ ದವಡೆ ಹಲ್ಲುಗಳು ಕಲ್ಲಿನಂತೆ ಗಟ್ಟಿ. ಎಕ್ಸ್‌ರೇಯಲ್ಲಿ ಈ ಎರಡರ ಸುತ್ತ ಮಾತ್ರ ಮೂಳೆ ಹಳ್ಳ ಬಿದ್ದಿತ್ತು. ಬಿದ್ದಿದ್ದೆಯಾ, ಯಾರಾದರೂ ಹೊಡೆದರಾ ಎಂದು ಕೇಳಿದೆ. ಇಲ್ಲವೆಂದಳು. ಮತ್ತೆ ನೋಡಿದೆ. ನಡುವಿನ ಎರಡೂ ಹಲ್ಲು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಅವುಗಳ ಹೊರಮಗ್ಗುಲಿಗೆ ಆಚೆ ಈಚೆ ಸಂದು ಬಿಟ್ಟಿತ್ತು. ಇವು ಹುಟ್ಟಿದ ಜಾಗದಲ್ಲಿಲ್ಲ, ಸರಿದು ಬಂದಿವೆ ಎನ್ನಿಸಿತು.

“ಈ ಎರಡರ ಮಧ್ಯೆ ಮುಂಚೆ ಸಂದು ಇತ್ತಾ?”

ಕಸ್ತೂರಿ ಫಕ್ಕನೆ ಬಾಯಿ ಮುಚ್ಚಿಕೊಂಡಳು. ಉತ್ತರ ಬಾಗಿಲ ಬಳಿಯಿಂದ ಬಂತು.

“ಹೇಳ ಕಸ್ತೂರಿ, ಡಾಕ್ಟರ ಮುಂದ ಎಂಥಾ ನಾಚಿಕಿ?” ಎಂದಳು ಶಿವಲೀಲಾ. “ಸಂದ ಇತ್ರೀ ಮೇಡಂ. ರಿಂಗ ಹಾಕ್ಕೊಂಡು ಮುಚ್ಚಿಕೊಂಡಾಳ್ರಿ.”

ಆಮೇಲೆ ಒಂದೊಂದೇ ಹೊರಬಂತು. ಇವರಿಬ್ಬರ ಕಾರ್ಖಾನೆಯಲ್ಲಿ ಮಾಡುವುದು ಓ-ರಿಂಗ್. ಪಂಪು, ಕೊಳಾಯಿಗಳು ಸೋರದಂತೆ ಒಳಗೆ ಕೂರಿಸುವ ರಬ್ಬರ್ ಬಳೆಗಳು. ದೊಡ್ಡವು ಕೈಬಳೆಯಷ್ಟು, ಚಿಕ್ಕವು ಮೂಗುಬೊಟ್ಟಿನಷ್ಟು. ಚೊಕ್ಕವಾಗಿಲ್ಲದ್ದನ್ನು ಆರಿಸಿ ರಿಜೆಕ್ಟ್ ಡಬ್ಬಿಗೆ ಹಾಕುವುದು ಇವರ ಕೆಲಸ. ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಮನೆಯಲ್ಲೇ ಸಂದು ಮುಚ್ಚಿಕೊಳ್ಳುವ ವಿಡಿಯೊ ಒಂದನ್ನು ಯಾರೋ ಮೊಬೈಲಿನಲ್ಲಿ ತೋರಿಸಿದ್ದಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಕಾಲ. ರಬ್ಬರ್ ಬ್ಯಾಂಡ್ ಯಾಕೆ, ಡಬ್ಬಿ ತುಂಬ ರಿಂಗ್ ಇದೆಯಲ್ಲ ಎಂದು ಕಸ್ತೂರಿ ಸಣ್ಣದೊಂದನ್ನು ಆರಿಸಿ ಎರಡೂ ಹಲ್ಲಿಗೆ ಸೇರಿಸಿ ತೊಡಿಸಿದ್ದಾಳೆ. ಕೆಲವೇ ವಾರಗಳಲ್ಲಿ ಸಂದು ಮುಚ್ಚಿತು! ಒಂದು ಬೆಳಿಗ್ಗೆ ಎದ್ದು ನೋಡಿದರೆ ರಿಂಗೇ ಇರಲಿಲ್ಲ.

“ನಿದ್ದ್ಯಾಗ ನುಂಗಿಬಿಟ್ಟೆ ಅನ್ಕೊಂಡ್ನಿರಿ. ಕೆಲಸ ಆತಲ್ಲ ಅಂತ ಸುಮ್ನಾದೆ.”

ನುಂಗಿರಲಿಲ್ಲ. ಹಲ್ಲಿನ ಬೇರು ಮೂಲಂಗಿಯಂತೆ ಹೋಗುತ್ತಾ ಹೋಗುತ್ತಾ ಸಣ್ಣಗಾಗುತ್ತದೆ. ಬಿಗಿಯಾದ ರಬ್ಬರ್ ಸಣ್ಣಗಿರುವ ಕಡೆಗೇ ಜಾರುತ್ತದೆ. ಒಸಡಿನೊಳಗೆ ನುಸುಳಿ, ದಾರಿಯಲ್ಲಿ ಮೂಳೆಯನ್ನು ಹಾಳು ಮಾಡುತ್ತಾ ಬೇರಿನ ತುದಿಯತ್ತ ಏರುತ್ತದೆ. ಎಕ್ಸ್‌ರೇಯಲ್ಲಿ ರಬ್ಬರ್ ಸಾಮಾನ್ಯವಾಗಿ ಕಾಣುವುದಿಲ್ಲ, ಹಾಗಾಗಿ ಮೊದಲು ನೋಡಿದವರಿಗೂ ಗೊತ್ತಾಗಿರಲಿಲ್ಲ.

ನನಗೆ ಕೋಪ ನೆತ್ತಿಗೇರಿತು. “ಕಾರ್ಖಾನೆ ರಬ್ಬರನ್ನ ಬಾಯಿಗೆ ಹಾಕ್ಕೊಳ್ಳೋದಾ? ಪೈಪು ಅಂದ್ಕೊಂಡ್ಯಾ ಹಲ್ಲನ್ನ? ಡಾಕ್ಟ್ರುಗಳೇನು ಸತ್ತುಹೋಗಿದ್ರಾ?”

“ಡಾಕ್ಟರ ಕಡೆ ಮೊದಲ ಹೋಗಿದ್ನಿರೀ,” ಎಂದಳು ಕಸ್ತೂರಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಕ್ಲಿಪ್ ಹಾಕ್ಬೇಕು, ನಲವತ್ತ ಸಾವಿರ, ಅರ್ಧ ಮೊದಲ ಕಟ್ಟಬೇಕು ಅಂದ್ರು. ನನ್ನ ಕೈಗೆ ಬರೂದು ತಿಂಗಳಿಗೆ ಹದಿಮೂರ ಸಾವಿರ. ಮನಿಗೆ ಕಳಸೂದು ಬ್ಯಾರೆ ಐತಿ. ಅಂದಕ್ಕ ಮಾಡಿಸ್ಕೊಳ್ಳೂದಕ್ಕ ಇನ್ಶೂರೆನ್ಸೂ ಬರೂದಿಲ್ಲಂತ.”

“ಮದುವೆ ಗೊತ್ತಾಗಿದೆಯೇನೇ?” ಎಂದು ಕೇಳಿದಳು ಎಂಜಲು ಹೀರುವ ಸಕ್ಷನ್ ಪೈಪು ಹಿಡಿದು ನಿಂತಿದ್ದ ಜಯಮ್ಮ.

“ಮದ್ವಿಗೆ ಅಲ್ರೀ ಅಕ್ಕಾ. ನನ್ನ ಸಲುವಾಗಿ ರೀ.”

ಇಪ್ಪತ್ತೆರಡರ ಹುಡುಗಿ, ಸ್ವಂತ ದುಡಿಮೆ. ತನ್ನ ನಗು ತನಗೆ ಚೆನ್ನಾಗಿ ಕಾಣಲಿ ಎಂದುಕೊಂಡಳು, ಅಷ್ಟೇ. ಅದರಲ್ಲಿ ಏನು ತಪ್ಪು? ಬೈಗುಳ ಅಲ್ಲಿಗೇ ನಿಂತಿತು.

ಇನ್ನು ಏನು ಮಾಡುವುದೆಂಬ ಪ್ರಶ್ನೆ. ಇದ್ದದ್ದನ್ನು ಇದ್ದಂತೆ ಅವಳ ಮುಂದಿಟ್ಟೆ. ಕಿತ್ತರೆ ಇವತ್ತೇ ಮುಗಿಯುತ್ತದೆ, ಗಾಯ ಮಾಗಿದ ಮೇಲೆ ತೆಗೆದು ಹಾಕುವ ಹಲ್ಲಿನ ಸೆಟ್, ಖರ್ಚು ಕಡಿಮೆ, ಸಂದೂ ಇರುವುದಿಲ್ಲ, ನೋಡಲು ಲಕ್ಷಣ. ಉಳಿಸುವುದಾದರೆ ಒಸಡು ಬಿಡಿಸಿ ರಿಂಗ್ ತೆಗೆಯಬೇಕು, ಹಲ್ಲನ್ನು ಹಳೆಯ ಜಾಗಕ್ಕೆ ಕೂರಿಸಿ ಅಕ್ಕಪಕ್ಕದ ಹಲ್ಲಿಗೆ ತಂತಿಯಿಂದ ಕಟ್ಟಬೇಕು. ತಿಂಗಳುಗಟ್ಟಲೆ ಭಾನುವಾರಗಳು ಇಲ್ಲೇ ಕಳೆಯುತ್ತವೆ, ರೊಟ್ಟಿ ಕಚ್ಚುವ ಹಾಗಿಲ್ಲ, ಸಂದು ವಾಪಸ್ಸು ಬರುತ್ತದೆ. ಇಷ್ಟೆಲ್ಲ ಮಾಡಿಯೂ ಹಲ್ಲು ಬಿದ್ದುಹೋಗಬಹುದು.

ಅವಳ ಮುಖ ನೋಡಿದರೆ ಕೀಳಿಸುವ ಕಡೆಗೇ ವಾಲಿದಂತಿತ್ತು. ಅದು ತಪ್ಪೂ ಅಲ್ಲ. ಪರೀಕ್ಷೆಯನ್ನು ಮುಂದುವರಿಸಿದೆ. ಹತ್ತಿಯ ತುಣುಕಿಗೆ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸುವ ಪರೀಕ್ಷೆ ಅದು. ಹಲ್ಲಿನೊಳಗಿನ ನರ ಬದುಕಿದ್ದರೆ ಜುಮ್ಮೆನ್ನುತ್ತದೆ, ಸತ್ತಿದ್ದರೆ ಏನೂ ತಿಳಿಯುವುದಿಲ್ಲ. ಇಷ್ಟು ಕೆಟ್ಟ ಹಲ್ಲಿನಲ್ಲಿ ನನಗೆ ಹೆಚ್ಚಿನ ನಿರೀಕ್ಷೆ ಇರಲಿಲ್ಲ. ಎಡಗಡೆಯದಕ್ಕೆ ಮುಟ್ಟಿಸಿದೆ. “ಯವ್ವಾ!” ಎಂದು ಕುರ್ಚಿಯಿಂದ ಅರ್ಧ ಎದ್ದಳು. ಬಲಗಡೆಯದಕ್ಕೂ ಅಷ್ಟೇ.

“ಎರಡೂ ಬದುಕಿವೆ ಕಣಮ್ಮ,” ಎಂದೆ.

ಕಸ್ತೂರಿ ನಾಲಿಗೆಯ ತುದಿಯಿಂದ ಆ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡಳು. ಕಣ್ಣಲ್ಲಿ ನೀರು ಬಂತು, ಜುಮ್ಮಿಗೋ ಬೇರೆ ಯಾಕೋ.

“ಹಂಗಾರ ಜೀವ ಇದ್ದದ್ದನ್ನ ಯಾಕ ಕೀಳೂದ್ರಿ? ಸಂದ ಬಂದ್ರ ಬರಲಿ. ಕಟ್ಟ್ರಿ ಮೇಡಂ.”

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒಸಡು ಬಿಡಿಸಿದೆ. ರಿಂಗ್ ಬೇರಿನ ತುದಿಯ ಹತ್ತಿರಕ್ಕೇ ಹೋಗಿ ಕೂತಿತ್ತು. ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಎಳೆದಾಗ ಕರ್ರಗೆ, ಕಿಂಚಿತ್ತೂ ಸವೆಯದೆ ಹೊರಬಂತು. ಜಯಮ್ಮ ಅದನ್ನು ತೊಳೆದು ತೋರಿಸಿದಳು. ಬಾಗಿಲ ಬಳಿ ನಿಂತಿದ್ದ ಶಿವಲೀಲಾಳ ಮುಖ ಬಿಳಿಚಿಹೋಯಿತು. ನನಗೆ ಅನುಮಾನ ಬಂದು, “ಎಲ್ಲಿ, ನೀನೂ ಬಾಯಿ ತೆಗಿ,” ಎಂದೆ. ಇತ್ತು, ಅಲ್ಲೂ ಒಂದು ರಿಂಗು! ಪುಣ್ಯಕ್ಕೆ ಇನ್ನೂ ಒಸಡಿನಿಂದ ಹೊರಗಿತ್ತು. ಅಲ್ಲೇ ಕತ್ತರಿಸಿ ಹಾಕಿದೆ. ಮುಂದಿನ ಭಾನುವಾರ ಕಸ್ತೂರಿ ತಮ್ಮ ವಿಭಾಗದ ಇನ್ನೂ ಮೂವರನ್ನು ಕೈಹಿಡಿದು ಎಳೆದುಕೊಂಡೇ ಬಂದಳು.

ಒಂಬತ್ತು ತಿಂಗಳು ತಂತಿ ಇತ್ತು. ಒಂದು ಸಲ ಬಲಗಡೆಯ ಹಲ್ಲಿನಲ್ಲಿ ಮತ್ತೆ ಕೀವು ಕಂಡು, ಇದು ಹೋಯಿತು ಎಂದುಕೊಂಡಿದ್ದೆ. ಅವಳು ಬಿಡಲಿಲ್ಲ. ಶುಚಿ ಮಾಡಿಸಿಕೊಳ್ಳಲು ವಾರ ವಾರ ಬಂದಳು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು. ಕೊನೆಗೆ ಎಕ್ಸ್‌ರೇಯಲ್ಲಿ ಮೂಳೆ ತಕ್ಕಮಟ್ಟಿಗೆ ತುಂಬಿದ್ದು ಕಂಡಿತು. ತಂತಿ ಬಿಚ್ಚಿ, ಕನ್ನಡಿಯ ಹಿಡಿಯಿಂದ ತಳ್ಳಿ ನೋಡಿದೆ. ಬೆರಳಿಗೆ ಹತ್ತುವಷ್ಟು ಸಣ್ಣ ಅಲುಗಾಟ, ಅಷ್ಟೇ. ಹಲ್ಲು ನಿಂತಿತ್ತು. ಜಯಮ್ಮನಿಗೆ ತಡೆಯಲಾಗದೆ, “ಗೆದ್ದೆ ಕಣೇ ಹುಡುಗಿ!” ಎಂದು ಅವಳ ಬೆನ್ನಿಗೆ ಗುದ್ದಿದಳು.

ಹೇಳಿದಂತೆ ಸಂದೂ ವಾಪಸ್ಸು ಬಂದಿತ್ತು. ಅದಕ್ಕೆ ಹಲ್ಲಿನ ಬಣ್ಣದ ಕಾಂಪೋಸಿಟ್ ಎಂಬ ಮೇಣದಂಥ ವಸ್ತುವಿದೆ. ಹುಳುಕು ತುಂಬಲು ನಾವು ದಿನಾ ಬಳಸುವುದೇ. ಸಂದಿನ ಎರಡೂ ಕಡೆಯ ಹಲ್ಲಿನ ಅಂಚಿಗೆ ಅದನ್ನು ತೆಳುವಾಗಿ ಕಟ್ಟಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿದರೆ ಸಣ್ಣ ಸಂದು ಮುಚ್ಚುತ್ತದೆ. ಕೆಲವು ವರ್ಷಕ್ಕೊಮ್ಮೆ ರಿಪೇರಿ ಬೇಕಾಗಬಹುದು, ಆದರೆ ಹಲ್ಲಿಗೆ ತೊಂದರೆಯಿಲ್ಲ. ಒಂದು ಗಂಟೆಯೊಳಗೆ ಮುಗಿಸಿ ಅವಳ ಕೈಗೆ ಕನ್ನಡಿ ಕೊಟ್ಟೆ.

ತುಂಬ ಹೊತ್ತು ನೋಡಿಕೊಂಡಳು. ನಕ್ಕಳು, ಮತ್ತೆ ನಕ್ಕಳು. ಆಮೇಲೆ ಎಷ್ಟಾಯಿತೆಂದು ಕೇಳಿದಳು. ನಮ್ಮಲ್ಲಿ ಎಂಟುನೂರು ರೂಪಾಯಿ, ಹೊರಗಾದರೆ ಮೂರು ನಾಲ್ಕು ಸಾವಿರ ಆಗಬಹುದು ಎಂದೆ. ನಗು ಮೆಲ್ಲಗೆ ಇಳಿಯಿತು.

“ಕ್ಲಿಪ್ ಹಾಕಾಕ ಹೋದಾಗೂ ಇದು ಇತ್ತೇನ್ರಿ?”

“ಇತ್ತಮ್ಮ.”

“ಮತ್ತ ಯಾರೂ ಯಾಕ ಹೇಳ್ಲಿಲ್ರೀ?”

ಹಲ್ಲು ನಿಲ್ಲುವ ಭರವಸೆಯಿಲ್ಲದೆ ಮೊದಲ ದಿನ ನಾನೂ ಇದನ್ನು ಹೇಳಿರಲಿಲ್ಲ. ಕ್ಲಿಪ್ಪೇ ಒಳ್ಳೆಯ ಚಿಕಿತ್ಸೆ, ಅದನ್ನು ಹೇಳಿದ ವೈದ್ಯರು ಸುಳ್ಳು ಹೇಳಿರಲಿಲ್ಲ. ಆದರೆ ಅವಳ ಕೈಗೆ ಎಟುಕದ ಒಂದೇ ದಾರಿ ತೋರಿಸಿ ಮಾತು ಮುಗಿಸಿದ್ದರು. ಹೊರಗೆ ಹೋದ ಹುಡುಗಿ ಆಸೆಯನ್ನು ಬಾಗಿಲಲ್ಲಿ ಬಿಟ್ಟುಹೋಗುವುದಿಲ್ಲ. ಕೈಗೆ ಸಿಕ್ಕಿದ್ದರಲ್ಲಿ ತಾನೇ ಮಾಡಿಕೊಳ್ಳುತ್ತಾಳೆ. ಅವತ್ತಿನಿಂದ ನನ್ನ ಬಳಿ ಬರುವ ಕಿರಿಯ ವೈದ್ಯರಿಗೆ ಒಂದೇ ಮಾತು ಹೇಳುತ್ತೇನೆ: ಇರುವ ದಾರಿಗಳನ್ನೆಲ್ಲ ಹೇಳಿ, ಅಗ್ಗದ್ದನ್ನು ಮೊದಲು ಹೇಳಿ. ಆರಿಸುವುದು ಅವರಿಗೆ ಬಿಡಿ, ಆ ಬಾಯಿ ಅವರದು.