ಪೆನ್ಸಿಲಿನಲ್ಲಿ ಬರೆದುಕೊಟ್ಟ ಉಚ್ಚಾರ

ರಿಜ್ವಾನಾ, ಆ ಹಾಳೆಯ ಮೇಲೆ ನಾನು ತಪ್ಪು ಬರೆದುಕೊಟ್ಟೆ. ಕೈತಪ್ಪಿ ಆದದ್ದಲ್ಲ — ಬೇಕೆಂದೇ.

ಒಂಬತ್ತು ವರ್ಷದ ಹಿಂದೆ ಶಹಾಪುರದ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಗುವುದಿತ್ತು. ಬೇಕಾಗಿದ್ದದ್ದು ಒಬ್ಬರೇ ಟೀಚರ್. ಆಡಳಿತ ಮಂಡಳಿಯ ಮುಂದೆ ನಾವಿಬ್ಬರೂ ಪಾಠ ಮಾಡಿ ತೋರಿಸಬೇಕಿತ್ತು. ನಾನು ಇಂಗ್ಲಿಷ್ ಎಂ.ಎ. ನೀನು ಸುರಪುರದ ಉರ್ದು ಶಾಲೆಯಲ್ಲಿ ಓದಿ, ಇಂಗ್ಲಿಷನ್ನು ಹಟ ಹಿಡಿದು ಕಲಿತವಳು. ಆದರೂ ನನ್ನೆದುರು ಆಕಳಿಸುವ ಮಕ್ಕಳು ನಿನ್ನ ಪಾಠ ಮುಗಿದು ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಕಿಟಕಿಯಿಂದ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು — ನಿನ್ನ ನಗು ಕೇಳಿದರೂ ಉರಿಯುತ್ತಿತ್ತು.

ಕಷ್ಟದ ಇಂಗ್ಲಿಷ್ ಶಬ್ದದ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ. ನೀನು ಪಾಠದ ಹಾಳೆ, ಪೆನ್ಸಿಲು ಹಿಡಿದು ನನ್ನ ಬಳಿ ಬಂದೆ. ಉಚ್ಚಾರವನ್ನು ಫೋನಿನಲ್ಲೇ ಕೇಳಿಸಿಕೊಳ್ಳಬಹುದಿತ್ತು... ನನ್ನನ್ನೇ ಕೇಳಿದೆ. ನಿನಗೆ ಅನುಮಾನ ಬಾರದಿರಲೆಂದು ನಾನು ಬುಧವಾರಕ್ಕೆ ‘ವೆನ್ಸ್‌ಡೇ’ ಎಂದು ಸರಿಯಾಗಿಯೇ ಬರೆದೆ. ದ್ವೀಪಕ್ಕೆ ‘ಐಲಂಡ್’ ಎನ್ನಬೇಕು. ‘ಐಸ್‌ಲ್ಯಾಂಡ್’ ಎಂದು ಬರೆದೆ. ಗೋರಿಗೆ ‘ಟೂಮ್’ ಎನ್ನಬೇಕು. ‘ಟಾಂಬ್’ ಎಂದು ಬರೆದೆ.

ಎರಡನೆಯ ಸಾಲಿನಲ್ಲೇ ಅಧ್ಯಕ್ಷರು ನಿನ್ನನ್ನು ತಡೆದು, ಮಕ್ಕಳೆದುರು ‘ಐಲಂಡ್’ ಎಂದು ಮೂರು ಸಲ ಹೇಳಿಸಿದರು. ಮಕ್ಕಳು ನಕ್ಕರು. ಪಾಠ ಅಲ್ಲಿಗೇ ನಿಂತಿತು. ‘ಟಾಂಬ್’ವರೆಗೆ ಹೋಗಲೇ ಇಲ್ಲ. ಹೊರಗೆ ಬಂದು ನೀನೇ ನನ್ನ ಕೈ ಹಿಡಿದೆ.

“ಒಂದ್ ಶಬ್ದ ಯಾರಿಗಾದ್ರೂ ತಪ್ತದ ಅಕ್ಕಾ. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಕೆಲಸ ನನಗೆ ಸಿಕ್ಕಿತು. ನೀನು ಶಾಲೆ ಬಿಟ್ಟು ಮನೆಯಲ್ಲೇ ಟ್ಯೂಷನ್ ಹೇಳತೊಡಗಿದೆ.

ಮೊನ್ನೆ ನನ್ನ ತರಗತಿಯಲ್ಲಿ ನಿನ್ನ ಮಗಳು ಸಾನಿಯಾ ಎದ್ದು ಓದಿದಳು — ‘ಟಾಂಬ್’. ತಿದ್ದಿದರೆ ಒಪ್ಪಲಿಲ್ಲ.

“ಅಮ್ಮಿ ಹಿಂಗೇ ಹೇಳ್ಕೊಟ್ಟಾಳ್ರಿ ಟೀಚರ್. ನೀವೇ ಬರ್ದು ಕೊಟ್ಟಿದ್ರಂತ. ಆ ಹಾಳಿ ಇನ್ನೂ ಮನ್ಯಾಗ ಅದರಿ.”

ಅಂದರೆ ನೀನು ಅದನ್ನು ಎಸೆದಿಲ್ಲ. ಇಷ್ಟು ವರ್ಷ ಟ್ಯೂಷನ್ನಿನ ಮಕ್ಕಳಿಗೆಲ್ಲ ಅದನ್ನೇ... ನಿಜ ಹೇಳುತ್ತೇನೆ, ಆಗಲೂ ಮೊದಲು ಹುಟ್ಟಿದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚೇ. ಒಬ್ಬರನ್ನು ಇಷ್ಟು ನಂಬಲು ನಿನಗೆ ಬರುತ್ತದೆ. ನನಗೆ ಯಾವತ್ತೂ ಬರಲಿಲ್ಲ.

ಎಲ್ಲರೆದುರು ಸಾನಿಯಾಳಿಗೆ ಹೇಳಿದೆ — ನಿನ್ನ ಅಮ್ಮಿ ಸರಿಯಾಗಿಯೇ ಓದಿದ್ದಾಳೆ, ಬರೆದುಕೊಟ್ಟವಳದೇ ತಪ್ಪು ಎಂದು. ‘ಬೇಕೆಂದೇ’ ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದಕ್ಕೇ ಈ ಪತ್ರದಲ್ಲಿ ಅದನ್ನೇ ಮೊದಲು ಬರೆದೆ.

ಭಾನುವಾರ ಬರುತ್ತೇನೆ. ನೀನು ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ; ಟ್ಯೂಷನ್ನಿನ ಮಕ್ಕಳು ಕೇಳಿಸಿಕೊಂಡರೂ ಹೇಳುತ್ತೇನೆ.